ಪಾಪರ್ ಚೀಟಿಗೆ ಎಷ್ಟು ಖರ್ಚಾಗುತ್ತದೆ?

ಸಾಲ ಕೈಮೀರಿದ ಮನೆಗೆ ಯಾರಾದರೊಬ್ಬರು ಬಂದು ಈ ಮಾತು ಹೇಳೇ ಹೇಳುತ್ತಾರೆ: “ಸುಮ್ನೆ ಒಂದು ಪಾಪರ್ ಚೀಟಿ ತಗೊಂಡ್ಬಿಡಪ್ಪ, ಆಮೇಲೆ ಯಾರೂ ಏನೂ ಕೇಳಂಗಿಲ್ಲ.” ಮಂಡ್ಯದ ಟೀ ಅಂಗಡಿಯಲ್ಲಿ ಈ ಮಾತು ಕೇಳಿದ್ದೇನೆ, ಮೈಸೂರಿನ ಮದುವೆ ಛತ್ರದಲ್ಲೂ ಕೇಳಿದ್ದೇನೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಚೀಟಿ ಎಂಬ ಪದ ದಾರಿ ತಪ್ಪಿಸುತ್ತದೆ. ಯಾವುದೋ ಕೌಂಟರ್‌ನಲ್ಲಿ ದುಡ್ಡು ಕಟ್ಟಿದರೆ ಸಿಗುವ ರಸೀದಿ ಇರಬೇಕು ಅನ್ನಿಸುತ್ತದೆ. ಹಾಗಾಗಿಯೇ ಎಲ್ಲರ ಮೊದಲ ಪ್ರಶ್ನೆ ಒಂದೇ: ಅದಕ್ಕೆ ಎಷ್ಟು ಖರ್ಚು?

2025ರ ಶುರುವಿನಲ್ಲಿ ಈ ಪ್ರಶ್ನೆ ನಮ್ಮ ಕಡೆ ಜೋರಾಯಿತು. ಮೈಸೂರು, ಮಂಡ್ಯ, ಚಾಮರಾಜನಗರದ ಹಳ್ಳಿಗಳಲ್ಲಿ ಮೈಕ್ರೋಫೈನಾನ್ಸ್ ವಸೂಲಿಗೆ ಹೆದರಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಮೇಲಿಂದ ಮೇಲೆ ಬಂತು. ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿತ್ತು. ಅದು ಕಾಟ ಕೊಡುವುದನ್ನು ತಡೆಯುವ ಕಾನೂನು. ನಿಜಕ್ಕೂ ಸಾಲ ತೀರಿಸಲು ಆಗದವರಿಗೆ ಇರುವ ಕಾನೂನು ಬೇರೆ. ಅದಕ್ಕೆ ನೂರು ವರ್ಷ ದಾಟಿದೆ.

ಮೊಬೈಲ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಅಮೆರಿಕದ ಉತ್ತರ ಸಿಗುತ್ತದೆ. ಅಲ್ಲಿ ಒಂದು ಬಗೆಯ ದಿವಾಳಿ ಅರ್ಜಿಗೆ 338 ಡಾಲರ್ ಫೀ ಇದೆ, ಕೆಲವೇ ತಿಂಗಳಲ್ಲಿ ಹಲವು ಸಾಲ ಮನ್ನಾ ಆಗುತ್ತವೆ. ಆ ಲೆಕ್ಕ ಮೈಸೂರಿನ ಕೋರ್ಟಿಗೆ ಹೊಂದುವುದಿಲ್ಲ. ಇಲ್ಲಿ ಒಳಗೆ ಹೋಗುವ ಫೀ ಅದಕ್ಕಿಂತ ಎಷ್ಟೋ ಚಿಕ್ಕದು, ಹೊರಗೆ ಬರುವ ದಾರಿ ಎಷ್ಟೋ ಉದ್ದ.

ಪಾಪರ್, ದಿವಾಳಿ, ಐ.ಪಿ.

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ಇರುವ ಆಸ್ತಿಯೆಲ್ಲ ಮಾರಿದರೂ ಸಾಲ ತೀರಿಸಲು ಆಗದ ಸ್ಥಿತಿಯನ್ನು ನಾವು ದಿವಾಳಿ ಅನ್ನುತ್ತೇವೆ. ಹಾಗಾಗಿದೆ ಎಂದು ಕೋರ್ಟು ಒಪ್ಪಿ ಆದೇಶ ಮಾಡಿದರೆ ಮಾತ್ರ ಕಾನೂನಿನ ಲೆಕ್ಕದಲ್ಲಿ ಒಬ್ಬರು ದಿವಾಳಿ. ಆ ಆದೇಶ ಕೇಳಿ ಹಾಕುವ ಅರ್ಜಿಯನ್ನು ವಕೀಲರು ಐ.ಪಿ. ಅನ್ನುತ್ತಾರೆ, ಇನ್ಸಾಲ್ವೆನ್ಸಿ ಪಿಟಿಷನ್ ಎಂಬುದರ ಗಿಡ್ಡ ರೂಪ. ಜನ ಪಾಪರ್ ಚೀಟಿ ಅನ್ನುವುದು ಕೊನೆಗೆ ಸಿಗುವ ಆ ಆದೇಶವನ್ನೇ.

ಆದರೆ ಕೋರ್ಟಿನಲ್ಲಿ ಪಾಪರ್ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಕೋರ್ಟ್ ಫೀ ಕಟ್ಟಲು ಶಕ್ತಿ ಇಲ್ಲದವರು ಫೀ ಇಲ್ಲದೆ ದಾವೆ ಹೂಡಲು ಅನುಮತಿ ಕೇಳುವುದನ್ನು ಹಳೆಯ ವಕೀಲರು ಪಾಪರ್ ದಾವೆ ಎಂದೇ ಕರೆಯುತ್ತಾರೆ. ಅದಕ್ಕೂ ಸಾಲಕ್ಕೂ ಸಂಬಂಧ ಇಲ್ಲ. ವಕೀಲರ ಹತ್ತಿರ ಹೋಗಿ “ಪಾಪರ್ ಹಾಕ್ಬೇಕು” ಅಂದರೆ ಅವರಿಗೆ ಬೇರೆಯೇ ಅರ್ಥವಾಗಬಹುದು. “ಸಾಲ ತೀರಿಸಕ್ಕಾಗ್ತಿಲ್ಲ, ಐ.ಪಿ. ಹಾಕಬಹುದಾ?” ಎಂದು ಕೇಳುವುದು ಒಳ್ಳೆಯದು.

ಯಾವ ಕಾನೂನು, ಯಾವ ಕೋರ್ಟು

2016ರಲ್ಲಿ ದಿವಾಳಿ ಸಂಹಿತೆ ಬಂದಿದೆ, ಅದೇ ಎಲ್ಲರಿಗೂ ಅನ್ವಯಿಸುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಕಂಪನಿಗಳಿಗೆ ಅದು ಸರಿ. ಸಾಮಾನ್ಯ ವ್ಯಕ್ತಿಗಳಿಗೆ ಸಂಬಂಧಿಸಿದ ಭಾಗ ಪುಸ್ತಕದಲ್ಲಿದೆ, ಆದರೆ ಜಾರಿಗೆ ಬಂದಿಲ್ಲ. ಅದರಲ್ಲಿ ಬಡವರಿಗಾಗಿ ಹೊಸ ಆರಂಭ ಎಂಬ ದಾರಿ ಬರೆದಿಟ್ಟಿದ್ದಾರೆ. ವರ್ಷದ ಆದಾಯ 60,000 ರೂಪಾಯಿ ಮೀರಬಾರದು, ಆಸ್ತಿ 20,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. ಅಂಥವರ ಸಾಲ ಮನ್ನಾ ಮಾಡಲು ಅವಕಾಶ ಇದೆ. ಕೇಳಲು ಚೆನ್ನಾಗಿದೆ, ಆದರೆ ಆ ಬಾಗಿಲು ಇನ್ನೂ ತೆರೆದಿಲ್ಲ. ಅದರ ಹೆಸರಿನಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಾದರೆ ಈಗ ನಡೆಯುತ್ತಿರುವುದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರ್ಕಾರ ಈ ಅಧಿಕಾರ ಕೊಟ್ಟಿರುವ ಕೆಳಗಿನ ಸಿವಿಲ್ ಕೋರ್ಟಿಗೆ. ಮಂಡ್ಯದವರು ಮಂಡ್ಯದಲ್ಲೇ, ಮೈಸೂರಿನವರು ಮೈಸೂರಿನಲ್ಲೇ ಹಾಕಬಹುದು. ಬೆಂಗಳೂರಿಗೆ ಓಡಾಡಬೇಕಿಲ್ಲ. ಖರ್ಚಿನ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ಮೂಲ ಕಾಯ್ದೆಯಲ್ಲಿ ಅರ್ಜಿ ಹಾಕಲು ಕನಿಷ್ಠ 500 ರೂಪಾಯಿ ಸಾಲ ಇರಬೇಕು ಎಂದಿದೆ. 1920ರಲ್ಲಿ ಅದು ದೊಡ್ಡ ಮೊತ್ತ. ಅಥವಾ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಜಾರಿಯಲ್ಲಿ ಬಂಧನ ಆಗಿರಬೇಕು, ಇಲ್ಲವೇ ಆಸ್ತಿ ಜಪ್ತಿ ಆಗಿರಬೇಕು. ಇವುಗಳಲ್ಲಿ ಒಂದಾದರೂ ಇದ್ದು, ಸಾಲ ತೀರಿಸಲು ಆಗುತ್ತಿಲ್ಲ ಎಂದು ತೋರಿಸಬೇಕು. ಸಾಲ ಕೊಟ್ಟವರೂ ನಿಮ್ಮನ್ನು ದಿವಾಳಿ ಎಂದು ಘೋಷಿಸಿ ಎಂದು ಅರ್ಜಿ ಹಾಕಬಹುದು. ಇಲ್ಲಿ ಸಾಲಗಾರರೇ ಹಾಕುವ ಅರ್ಜಿಯ ಬಗ್ಗೆ ಮಾತ್ರ ಮಾತಾಡೋಣ.

ಅರ್ಜಿ ಹಾಕುವಾಗ ಆಗುವ ಖರ್ಚು

ಕೋರ್ಟ್ ಫೀ ಬಗ್ಗೆ ಜನರಿಗೆ ಭಯ ಜಾಸ್ತಿ. ಹಣ ವಸೂಲಿಯ ದಾವೆ ಹೂಡಿದರೆ ಮೊತ್ತ ಏರಿದಂತೆ ಕೋರ್ಟ್ ಫೀಯೂ ಏರುತ್ತದೆ. ದಿವಾಳಿ ಅರ್ಜಿ ಹಾಗಲ್ಲ. ಇದು ಅರ್ಜಿ, ದಾವೆ ಅಲ್ಲ. ಸಾಲ 1 ಲಕ್ಷ ಇದ್ದರೂ 50 ಲಕ್ಷ ಇದ್ದರೂ ಸಾಲದ ಮೊತ್ತ ನೋಡಿ ಫೀ ಏರಿಸುವುದಿಲ್ಲ. ಒಟ್ಟು ಖರ್ಚಿನಲ್ಲಿ ಇದು ಮದುವೆ ಮನೆಯ ಲಗ್ನಪತ್ರಿಕೆ ಖರ್ಚಿನ ಹಾಗೆ. ಮದುವೆ ಖರ್ಚು ಬೇರೆ ಇದೆ.

ಆ ಬೇರೆ ಖರ್ಚು ಶುರುವಾಗುವುದು ಕಾಗದಪತ್ರದಿಂದ. ಅರ್ಜಿಯಲ್ಲಿ ನಿಮ್ಮ ಪ್ರತಿಯೊಂದು ಸಾಲ, ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ನಿಮ್ಮ ಪ್ರತಿಯೊಂದು ಆಸ್ತಿ, ಅದರ ಬೆಲೆ, ಅದು ಎಲ್ಲಿದೆ ಎಂಬುದೆಲ್ಲ ಬರಬೇಕು. ಹಿಂದೆ ಎಂದಾದರೂ ಇಂಥ ಅರ್ಜಿ ಹಾಕಿದ್ದರೆ ಅದೂ ಬರಬೇಕು. ಅದಕ್ಕೆ ಪಹಣಿ ಬೇಕು, ಆಸ್ತಿಯ ಮೇಲೆ ಏನೇನು ಋಣ ಇದೆ ಎಂದು ತೋರಿಸುವ, ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿ ಬೇಕು, ಡಿಕ್ರಿ ಆಗಿದ್ದರೆ ಅದರ ದೃಢೀಕೃತ ನಕಲು ಬೇಕು, ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಕು. ಪ್ರಮಾಣಪತ್ರಕ್ಕೆ ನೋಟರಿ, ವಕಾಲತ್ತಿಗೆ ಸ್ಟಾಂಪು. ಒಂದೊಂದೂ ಚಿಲ್ಲರೆ ಖರ್ಚು, ಕೂಡಿದರೆ ಗೊತ್ತಾಗುತ್ತದೆ.

ಇನ್ನು ನೋಟಿಸು. ಅರ್ಜಿ ವಿಚಾರಣೆಗೆ ಬರುವ ಮೊದಲು ಸಾಲ ಕೊಟ್ಟ ಎಲ್ಲರಿಗೂ ಕೋರ್ಟಿನಿಂದ ನೋಟಿಸು ಹೋಗಬೇಕು. ಅದಕ್ಕೆ ತಲೆಗೆ ಇಷ್ಟು ಎಂದು ಪ್ರೋಸೆಸ್ ಫೀ ಕಟ್ಟಬೇಕು, ವಕೀಲರು ಪಿ.ಎಫ್. ಅನ್ನುವುದು ಇದನ್ನೇ. ನಮ್ಮ ಕಡೆಯವರು ಇದನ್ನು ಎಚ್ಚರವಾಗಿ ನೋಡಬೇಕು. ನಗರದಲ್ಲಿ ಒಬ್ಬರಿಗೆ ಎರಡು ಬ್ಯಾಂಕು, ಒಂದು ಕ್ರೆಡಿಟ್ ಕಾರ್ಡ್ ಸಾಲ ಇದ್ದರೆ ನೋಟಿಸು ಮೂರು. ಮಂಡ್ಯದ ಹಳ್ಳಿಯಲ್ಲಿ ಒಬ್ಬರ ಸಾಲ ಸೊಸೈಟಿ, ಸಂಘ, ಚೀಟಿ ನಡೆಸುವವರು, ಗೊಬ್ಬರದ ಅಂಗಡಿ, ಅಕ್ಕನ ಗಂಡ, ಪಕ್ಕದ ಜಮೀನಿನವರು ಎಂದು ಇಪ್ಪತ್ತು ಮೂವತ್ತು ಕಡೆ ಹರಡಿರುತ್ತದೆ. ಅಷ್ಟೂ ಜನಕ್ಕೆ ನೋಟಿಸು ತಲುಪಬೇಕು. ವಿಳಾಸ ತಪ್ಪಿದರೆ ನೋಟಿಸು ತಲುಪಿಸುವ ಕೋರ್ಟಿನ ಅಮೀನರು ವಾಪಸ್ ಬರುತ್ತಾರೆ. ಮತ್ತೆ ಪಿ.ಎಫ್., ಮತ್ತೊಂದು ವಾಯಿದೆ. ಯಾರಾದರೂ ಸಿಗದೇ ಹೋದರೆ ಪೇಪರ್‌ನಲ್ಲಿ ಪ್ರಕಟಣೆ ಹಾಕಿಸಬೇಕಾಗಬಹುದು. ಆ ಜಾಹೀರಾತಿನ ಬಿಲ್ಲು ಕೋರ್ಟ್ ಫೀಯನ್ನು ಸುಲಭವಾಗಿ ಮೀರಿಸುತ್ತದೆ.

ಎಲ್ಲಕ್ಕಿಂತ ದೊಡ್ಡದು ವಕೀಲರ ಫೀ. ಅದಕ್ಕೆ ಬೋರ್ಡು ಹಾಕಿದ ದರ ಇಲ್ಲ. ಕೆಲವರು ಒಟ್ಟು ಮಾತಾಡಿಕೊಳ್ಳುತ್ತಾರೆ, ಕೆಲವರು ವಾಯಿದೆಗೆ ಇಷ್ಟು ಅನ್ನುತ್ತಾರೆ. ಇಂಥ ಕೇಸು ವರ್ಷಗಟ್ಟಲೆ ಎಳೆಯಬಹುದು. ಹಾಗಾಗಿ ಮೊದಲ ದಿನವೇ ಎರಡು ವಿಷಯ ಕೇಳಿ: ಪಿ.ಎಫ್., ಪೇಪರ್ ಪ್ರಕಟಣೆ ಈ ಮೊತ್ತದಲ್ಲೇ ಸೇರಿವೆಯಾ? ಬಿಡುಗಡೆ ಅರ್ಜಿಯನ್ನೂ ನೀವೇ ಹಾಕಿಕೊಡುತ್ತೀರಾ? ಎರಡನೆಯ ಪ್ರಶ್ನೆ ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ. ವಕೀಲರನ್ನು ಹೀಗೆ ಕೇಳುವುದು ಅಗೌರವ ಅಂದುಕೊಂಡು ಸುಮ್ಮನಾಗುವವರೇ ಜಾಸ್ತಿ. ಕೇಳಬಹುದು, ಕೇಳಬೇಕು.

ಅರ್ಜಿ ಹಾಕಿದ ತಕ್ಷಣ ಕಾಟ ನಿಲ್ಲುತ್ತದಾ?

ಇಲ್ಲ. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಅರ್ಜಿ ಹಾಕಿದ ರಸೀದಿ ತೋರಿಸಿದರೆ ಸಾಲದವರು ಹಿಂದೆ ಸರಿಯಬೇಕು ಎಂದು ಈ ಕಾಯ್ದೆ ಹೇಳುವುದಿಲ್ಲ. ಕೋರ್ಟು ದಿವಾಳಿ ಎಂದು ಆದೇಶ ಮಾಡಿದ ಮೇಲೆ ರಕ್ಷಣೆ ಬರುತ್ತದೆ. ಆಗ ಕೋರ್ಟಿನ ಅನುಮತಿ ಇಲ್ಲದೆ ಸಾಲ ಕೊಟ್ಟವರು ನಿಮ್ಮ ಆಸ್ತಿಗೆ ಕೈಹಾಕುವಂತಿಲ್ಲ, ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕಿದ್ದರೆ ಅದಕ್ಕೆ ಪ್ರತ್ಯೇಕವಾಗಿ ಕೇಳಬೇಕು. ಆಗಲೇ ಡಿಕ್ರಿ ಜಾರಿಯಲ್ಲಿ ಬಂಧನ ಆಗಿದ್ದರೆ, ಆದೇಶಕ್ಕೆ ಮೊದಲೇ ಬಿಡುಗಡೆ ಮಾಡುವ ಅಧಿಕಾರ ಕೋರ್ಟಿಗಿದೆ.

ಇನ್ನೊಂದು ಮಾತು. ಹಾಕಿದ ಅರ್ಜಿಯನ್ನು ಮನಸ್ಸು ಬದಲಾಯಿತೆಂದು ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಅದಕ್ಕೂ ಕೋರ್ಟಿನ ಅನುಮತಿ ಬೇಕು.

ಜೈಲಿನ ಭಯಕ್ಕೆ ಅರ್ಜಿ ಹಾಕಲು ಓಡುವವರು ಇದನ್ನು ತಿಳಿದಿರಬೇಕು. ಕೈಯಲ್ಲಿ ನಿಜವಾಗಿ ಏನೂ ಇಲ್ಲದವರನ್ನು ಸಾಲ ಕಟ್ಟಿಲ್ಲ ಎಂಬ ಒಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಇದ್ದೂ ಕೊಡದವರ ಮಾತು ಬೇರೆ. ಹೆಣ್ಣುಮಕ್ಕಳನ್ನಂತೂ ಹಣದ ಡಿಕ್ರಿ ಜಾರಿಗಾಗಿ ಬಂಧಿಸುವಂತೆಯೇ ಇಲ್ಲ, ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಅದನ್ನು ಸ್ಪಷ್ಟವಾಗಿ ಬರೆದಿದೆ. ಸಂಘದ ಸಾಲಕ್ಕೆ ಪೊಲೀಸರು ಬಂದು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿಸಿಕೊಂಡಿರುವ ಎಷ್ಟು ಅಕ್ಕಂದಿರಿಗೆ ಈ ಒಂದು ಸಾಲು ಗೊತ್ತಿದ್ದರೆ ನಿದ್ದೆ ಬರುತ್ತಿತ್ತೋ.

ಆದೇಶ ಆದ ಮೇಲೆ ಆಸ್ತಿಯ ಕಥೆ

ದಿವಾಳಿ ಆದೇಶ ಆದ ಕ್ಷಣದಿಂದ ನಿಮ್ಮ ಆಸ್ತಿ ನಿಮ್ಮದಲ್ಲ. ಅದು ಕೋರ್ಟಿನ ಕೈಗೆ ಅಥವಾ ಕೋರ್ಟು ನೇಮಿಸುವ ರಿಸೀವರ್ ಕೈಗೆ ಹೋಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮಗೆ ಬರುವ ಪಾಲೂ ಇದರಲ್ಲಿ ಸೇರುತ್ತದೆ. ರಿಸೀವರ್ ಅದನ್ನು ಹರಾಜು ಹಾಕಿ, ಬಂದ ಹಣವನ್ನು ಸಾಲ ಕೊಟ್ಟವರಿಗೆ ಹಂಚುತ್ತಾರೆ.

ಇದನ್ನು ಊಟದ ಪಂಕ್ತಿ ಅಂದುಕೊಳ್ಳಿ. ಅನ್ನ ಕಡಿಮೆ, ಕೂತವರು ಜಾಸ್ತಿ. ಮೊದಲು ಬಂದವರಿಗೆ ತುಂಬ, ಕೊನೆಯವರಿಗೆ ಖಾಲಿ ಎಲೆ ಆಗಬಾರದು. ಅವರವರ ಸಾಲಕ್ಕೆ ತಕ್ಕ ಪ್ರಮಾಣದಲ್ಲಿ ಎಲ್ಲರಿಗೂ ಸಮನಾಗಿ ಬಡಿಸುವುದೇ ಈ ಕಾನೂನಿನ ಉದ್ದೇಶ. ಆದರೆ ಪಂಕ್ತಿಯಲ್ಲಿ ಕೆಲವರು ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಬಂದಿರುತ್ತಾರೆ. ಜಮೀನು ಅಡಮಾನ ಮಾಡಿಸಿಕೊಂಡ ಬ್ಯಾಂಕು, ಒಡವೆ ಇಟ್ಟುಕೊಂಡವರು, ಟ್ರ್ಯಾಕ್ಟರ್ ಮೇಲೆ ಸಾಲ ಕೊಟ್ಟವರು ಅಂಥವರು. ಅವರು ಆ ವಸ್ತು ಮಾರಿ ತಮ್ಮ ಹಣ ತೆಗೆದುಕೊಳ್ಳಬಹುದು, ದಿವಾಳಿ ಆದೇಶ ಅದನ್ನು ತಡೆಯುವುದಿಲ್ಲ. ಸಾಲದೇ ಹೋದರೆ ಉಳಿದ ಬಾಕಿಗೆ ಅವರೂ ಪಂಕ್ತಿಗೆ ಬಂದು ಕೂರುತ್ತಾರೆ. ಸರ್ಕಾರಕ್ಕೆ, ಸ್ಥಳೀಯ ಸಂಸ್ಥೆಗೆ ಕಟ್ಟಬೇಕಾದ ಬಾಕಿಗೆ ಮೊದಲ ಸಾಲು. ಅದಕ್ಕೂ ಮುಂಚೆ ಪಾತ್ರೆಯಿಂದ ಹೋಗುವುದು ಅಡುಗೆಯವರ ಕೂಲಿ, ಅಂದರೆ ರಿಸೀವರ್ ಸಂಭಾವನೆ, ಹರಾಜಿನ ಖರ್ಚು. ಅದನ್ನು ನೀವು ಜೇಬಿನಿಂದ ಕೊಡುವುದಿಲ್ಲ. ನಿಮ್ಮ ಆಸ್ತಿ ಮಾರಿದ ಹಣದಲ್ಲೇ ಕಳೆಯುತ್ತಾರೆ. ಕಣ್ಣಿಗೆ ಬೀಳದ ಖರ್ಚು ಇದು, ಆದರೆ ಇದರ ಪೆಟ್ಟು ಎಲ್ಲಿ ಬೀಳುತ್ತದೆ ನೋಡಿ.

ಮದ್ದೂರು ಕಡೆ ಆಲೆಮನೆ ನಡೆಸುವವರೊಬ್ಬರನ್ನು ಊಹಿಸಿಕೊಳ್ಳೋಣ. ಲೆಕ್ಕಕ್ಕಾಗಿ ಶಿವಣ್ಣ ಎಂದು ಹೆಸರಿಡೋಣ. ಬಾಡಿಗೆ ಮನೆ. ಟ್ರ್ಯಾಕ್ಟರ್ ಸಾಲ 4 ಲಕ್ಷ, ಕೈಸಾಲ 5 ಲಕ್ಷ, ಕಬ್ಬು ಕೊಟ್ಟ ರೈತರಿಗೆ ಬಾಕಿ 2 ಲಕ್ಷ. ಒಟ್ಟು 11 ಲಕ್ಷ. ಇರುವುದು ಆ ಟ್ರ್ಯಾಕ್ಟರ್, ಜೊತೆಗೆ 3 ಲಕ್ಷ ಬೆಲೆಯ ಒಂದು ಸೈಟು. ಬ್ಯಾಂಕು ಟ್ರ್ಯಾಕ್ಟರ್ ಮಾರಿತು, 3 ಲಕ್ಷ ಬಂತು. ಉಳಿದ 1 ಲಕ್ಷಕ್ಕೆ ಅದೂ ಪಂಕ್ತಿಗೆ ಬಂತು. ಈಗ ಪಂಕ್ತಿಯಲ್ಲಿ ಕೂತಿರುವ ಸಾಲ 8 ಲಕ್ಷ. ಸೈಟು ಮಾರಿ ಬಂದ 3 ಲಕ್ಷದಲ್ಲಿ ಹರಾಜು, ರಿಸೀವರ್ ಖರ್ಚು 30,000 ಹೋಯಿತು ಅಂದುಕೊಳ್ಳಿ. ಉಳಿದ 2,70,000ವನ್ನು 8 ಲಕ್ಷಕ್ಕೆ ಹಂಚಿದರೆ ರೂಪಾಯಿಗೆ ಸುಮಾರು 34 ಪೈಸೆ. ಒಂದು ಲಕ್ಷ ಕೈಸಾಲ ಕೊಟ್ಟ ಭಾವನಿಗೆ ಸಿಗುವುದು 34,000ಕ್ಕಿಂತ ಸ್ವಲ್ಪ ಕಡಿಮೆ.

ಈ 34 ಪೈಸೆ ಯಾಕೆ ಮುಖ್ಯ ಅಂದರೆ, ಕಾಯ್ದೆಯಲ್ಲಿ ಎಂಟಾಣೆ ಲೆಕ್ಕ ಒಂದಿದೆ.

ಎಂಟಾಣೆ ಲೆಕ್ಕ

ದಿವಾಳಿ ಆದೇಶ ಸಿಕ್ಕಿದ ಮಾತ್ರಕ್ಕೆ ಸಾಲ ಅಳಿಯುವುದಿಲ್ಲ. ಅಳಿಯಬೇಕಾದರೆ ಬಿಡುಗಡೆ ಆದೇಶ ಎಂಬ ಎರಡನೆಯ ಆದೇಶ ಬೇಕು. ಅದಕ್ಕೆ ಕೋರ್ಟು ಒಂದು ಗಡುವು ಕೊಡುತ್ತದೆ. ಆ ಗಡುವಿನೊಳಗೆ ನೀವೇ ಅರ್ಜಿ ಹಾಕಬೇಕು. ಹಾಕದಿದ್ದರೆ ಮೊದಲ ಆದೇಶವೇ ರದ್ದಾಗುತ್ತದೆ. ಅಲ್ಲಿಯವರೆಗೆ ಮಾಡಿದ ಖರ್ಚು, ಅಲೆದ ವರ್ಷಗಳು ಎಲ್ಲ ನೀರಿಗೆ ಹೋದಂತೆ. ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಿದ್ದರೆ ಕೋರ್ಟಿನ ಅನುಮತಿ ಬೇಕು. ವಕೀಲರಿಗೆ ಆ ಎರಡನೆಯ ಪ್ರಶ್ನೆ ಕೇಳಿ ಎಂದದ್ದು ಇದಕ್ಕೇ.

ಅರ್ಜಿ ಹಾಕಿದರೂ ಪೂರ್ತಿ ಬಿಡುಗಡೆ ಸುಲಭವಾಗಿ ಸಿಗುವುದಿಲ್ಲ. ಅಡಮಾನ ಇಲ್ಲದ ಸಾಲಗಳಿಗೆ ರೂಪಾಯಿಗೆ ಎಂಟಾಣೆಯಾದರೂ, ಅಂದರೆ 50 ಪೈಸೆಯಾದರೂ ಆಸ್ತಿಯಿಂದ ಹುಟ್ಟಬೇಕು ಎನ್ನುತ್ತದೆ ಕಾಯ್ದೆ. ಶಿವಣ್ಣನವರದು 34 ಪೈಸೆ. ಹಾಗಾದಾಗ, ಇದು ನನ್ನ ಕೈಮೀರಿ ಆದ ನಷ್ಟ ಎಂದು ಅವರು ಕೋರ್ಟಿಗೆ ಮನವರಿಕೆ ಮಾಡಬೇಕು. ನಾಲೆಗೆ ನೀರು ಬರಲಿಲ್ಲ, ಬೆಲ್ಲದ ದರ ಬಿತ್ತು, ಮನೆಯಲ್ಲಿ ದೊಡ್ಡ ಕಾಯಿಲೆ ಬಂತು ಎನ್ನುವುದಕ್ಕೆ ದಾಖಲೆ ಬೇಕು. ಮಂಡಿಯ ಚೀಟಿ, ಆಸ್ಪತ್ರೆ ಬಿಲ್ಲು ಎಸೆಯಬೇಡಿ ಎನ್ನುವುದು ಇಂಥ ದಿನಕ್ಕೇ. ವ್ಯಾಪಾರದ ಲೆಕ್ಕದ ಪುಸ್ತಕ ಇಟ್ಟಿಲ್ಲದಿದ್ದರೆ, ದಿವಾಳಿಯಾಗಿದ್ದೇನೆ ಎಂದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದರೆ, ಜೂಜು ಅಥವಾ ದುಂದುವೆಚ್ಚದಿಂದ ಈ ಸ್ಥಿತಿ ಬಂದಿದ್ದರೆ ಪೂರ್ತಿ ಬಿಡುಗಡೆ ಕೊಡುವಂತಿಲ್ಲ. ಆಗ ಕೋರ್ಟು ಷರತ್ತು ಹಾಕಿ ಬಿಡುಗಡೆ ಕೊಡಬಹುದು, ಅಥವಾ ಮುಂದಕ್ಕೆ ಹಾಕಬಹುದು. ಮುಂದೆ ದುಡಿದದ್ದರಲ್ಲಿ ಇಷ್ಟು ಕಟ್ಟಬೇಕು ಎನ್ನುವುದು ಅಂಥ ಒಂದು ಷರತ್ತು.

ಕೈಯಲ್ಲಿ ಉಳಿಯುವುದು ಏನು

ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ. ಡಿಕ್ರಿ ಜಾರಿಯಲ್ಲಿ ಜಪ್ತಿ ಮಾಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಹೇಳುವ ವಸ್ತುಗಳು ದಿವಾಳಿಯಲ್ಲೂ ನಿಮ್ಮವೇ. ಉಡುವ ಬಟ್ಟೆ, ಹಾಸಿಗೆ, ಅಡುಗೆ ಪಾತ್ರೆ, ತಾಳಿಯಂತೆ ಧಾರ್ಮಿಕ ಸಂಪ್ರದಾಯದ ಪ್ರಕಾರ ಹೆಣ್ಣುಮಕ್ಕಳು ತೆಗೆಯದ ಒಡವೆ, ಕಸುಬಿನವರ ಉಪಕರಣ, ರೈತರ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ ಇವೆಲ್ಲ ಅದರಲ್ಲಿವೆ. ಭವಿಷ್ಯ ನಿಧಿಯ ಹಣ, ಜೀವ ವಿಮೆ ಪಾಲಿಸಿಯಿಂದ ಬರುವ ಹಣ ಕೂಡ ಇವೆ. ರೈತರು, ಕೂಲಿಯವರು ವಾಸ ಮಾಡುವ ಸ್ವಂತ ಮನೆಗೂ ರಕ್ಷಣೆ ಇದೆ. ಒಂದೇ ಷರತ್ತು, ಆ ಮನೆಯನ್ನು ಅಡಮಾನ ಇಟ್ಟಿರಬಾರದು. ಅಡಮಾನ ಇಟ್ಟಿದ್ದರೆ ಅದು ಬುತ್ತಿ ತಂದವರ ಪಾಲು.

ಸಂಬಳದಾರರ ಲೆಕ್ಕ ಹೀಗಿದೆ. ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಆಫೀಸು ಕೆಲಸದಲ್ಲಿ ತಿಂಗಳಿಗೆ 16,000 ಬರುತ್ತದೆ ಅಂದರೆ, 1,000 ಮತ್ತು 10,000 ಸೇರಿ 11,000 ಅವರದೇ. ಉಳಿದ 5,000 ಸಾಲಕ್ಕೆ ಹೋಗಬಹುದು. ಇದಲ್ಲದೆ, ರಿಸೀವರ್ ಕೈಯಲ್ಲಿರುವ ಆಸ್ತಿಯಿಂದ ಸಾಲಗಾರರ ಕುಟುಂಬದ ಜೀವನಕ್ಕೆ ಒಂದಿಷ್ಟು ಕೊಡಿಸುವ ಅಧಿಕಾರವೂ ಕೋರ್ಟಿಗಿದೆ. ಕೇಳಿದರೆ ಸಿಗಬಹುದಾದದ್ದು ಇದು, ಕೇಳದೇ ಬರುವುದಿಲ್ಲ.

ಉಳಿಸಿಕೊಳ್ಳಲೆಂದು ಜಮೀನನ್ನು ಹೆಂಡತಿ ಹೆಸರಿಗೋ ತಮ್ಮನ ಹೆಸರಿಗೋ ದಾನಪತ್ರ ಮಾಡಿಸಿ, ಆಮೇಲೆ ಅರ್ಜಿ ಹಾಕುವ ಯೋಚನೆ ಕೆಲವರಿಗೆ ಬರುತ್ತದೆ. ಹೀಗೆ ಸಲಹೆ ಕೊಡುವವರೂ ಇದ್ದಾರೆ. ದಿವಾಳಿ ಅರ್ಜಿ ಹಾಕುವುದಕ್ಕೆ ಹಿಂದಿನ 2 ವರ್ಷದೊಳಗೆ ಬೆಲೆ ಪಡೆಯದೆ ಮಾಡಿದ ಇಂಥ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಹುದು. ಆಸ್ತಿ ಬಚ್ಚಿಟ್ಟದ್ದು ಸಾಬೀತಾದರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ದಾನಪತ್ರದ ಸ್ಟಾಂಪು, ನೋಂದಣಿ ಖರ್ಚು ದಂಡ, ಜೊತೆಗೆ ಬಿಡುಗಡೆಯ ಆಸೆಯೂ ಹೋಯಿತು.

ದುಡ್ಡಿನಲ್ಲಿ ಅಳೆಯಲಾಗದ ಖರ್ಚು

ಆದೇಶ ಆದಾಗ ಅದು ರಾಜ್ಯಪತ್ರದಲ್ಲಿ ಪ್ರಕಟವಾಗುತ್ತದೆ. ಗುಟ್ಟಾಗಿ ಇಡಲು ಆಗುವುದಿಲ್ಲ. ಬಿಡುಗಡೆ ಆಗುವವರೆಗೆ ಶಾಸಕರಾಗುವಂತಿಲ್ಲ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗುವಂತಿಲ್ಲ, ಕಂಪನಿಯ ನಿರ್ದೇಶಕರಾಗುವಂತಿಲ್ಲ. ಸರ್ಕಾರಿ ನೌಕರರಾದರೆ ಮೇಲಧಿಕಾರಿಗಳಿಗೆ ತಿಳಿಸಬೇಕು. ಬಿಡುಗಡೆ ಆಗದವರು ತಾವು ದಿವಾಳಿ ಎಂದು ಹೇಳದೆ 50 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲ ಪಡೆದರೂ ಮೂಲ ಕಾಯ್ದೆಯ ಪ್ರಕಾರ ಅಪರಾಧ. ಕಿರಾಣಿ ಅಂಗಡಿಯ ಉದ್ದರಿಯೇ ಅದಕ್ಕಿಂತ ಜಾಸ್ತಿ ಆಗುತ್ತದೆ, ಅಲ್ವಾ?

ಇವೆಲ್ಲ ಒಂದು ತೂಕವಾದರೆ, ಜಾಮೀನುದಾರರ ವಿಷಯ ಇನ್ನೊಂದು ತೂಕ. ನಿಮಗೆ ಬಿಡುಗಡೆ ಸಿಕ್ಕರೂ ನಿಮಗಾಗಿ ಸಹಿ ಹಾಕಿದವರಿಗೆ ಬಿಡುಗಡೆ ಇಲ್ಲ. ಜೊತೆಯಲ್ಲಿ ಸಾಲ ಮಾಡಿದವರಿಗೂ ಇಲ್ಲ. ಸಾಲ ಕೊಟ್ಟವರು ನೇರವಾಗಿ ಅವರ ಮನೆ ಬಾಗಿಲಿಗೆ ಹೋಗುತ್ತಾರೆ. ಸೊಸೈಟಿ ಸಾಲಕ್ಕೆ ನಂಬಿಕೆಯ ಮೇಲೆ ಸಹಿ ಹಾಕಿದ ಪಕ್ಕದ ಮನೆಯಣ್ಣ, ಗುಂಪು ಸಾಲದಲ್ಲಿ ಒಬ್ಬರಿಗೊಬ್ಬರು ಹೊಣೆ ಹೊತ್ತ ಹತ್ತು ಹೆಂಗಸರು, ಇವರೆಲ್ಲ ನಿಮ್ಮ ಖರ್ಚನ್ನು ಹೊರುವವರು. ಅರ್ಜಿ ಹಾಕುವ ಮೊದಲು ಅವರಿಗೆ ಹೇಳಿಬಿಡುವುದು ಕಷ್ಟದ ಕೆಲಸ. ಆದರೂ ನೋಟಿಸು ಬಂದ ಮೇಲೆ ಗೊತ್ತಾಗುವುದಕ್ಕಿಂತ ಅದೇ ಮೇಲು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಬಿಡುಗಡೆಯಿಂದಲೂ ಅಳಿಯದ ಸಾಲಗಳಿವೆ. ಸರ್ಕಾರಕ್ಕೆ ಕೊಡಬೇಕಾದ್ದು, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕೆಂದು ಕೋರ್ಟು ಹೇಳಿದ ಜೀವನಾಂಶ. ಚೆಕ್ ಬೌನ್ಸ್ ಕೇಸೂ ನಿಲ್ಲುವುದಿಲ್ಲ, ಅದು ಕ್ರಿಮಿನಲ್ ಪ್ರಕರಣ. ಅದರಲ್ಲಿ 2 ವರ್ಷದವರೆಗೆ ಜೈಲು ಅಥವಾ ಚೆಕ್ಕಿನ ಎರಡರಷ್ಟು ದಂಡ ಅಥವಾ ಎರಡೂ ಬೀಳಬಹುದು. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟವರು ಐ.ಪಿ.ಯನ್ನೇ ನಂಬಿ ಕೂರಬಾರದು.

ಕಂಪನಿ ಸಾಲಕ್ಕೆ ಸಹಿ ಹಾಕಿದವರು

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆ ಸಣ್ಣ ಕಾರ್ಖಾನೆ ನಡೆಸುವವರಿಗೆ ಬೇರೆ ದಾರಿ ಇರಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಸಾಲಕ್ಕೆ ಸ್ವಂತ ಜಾಮೀನು ಬರೆದುಕೊಟ್ಟಿದ್ದರೆ ಅವರಿಗೆ 2016ರ ಸಂಹಿತೆಯ ಭಾಗ 2019ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಇದು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗುತ್ತದೆ. ಅರ್ಜಿಯ ಫೀ 2,000 ರೂಪಾಯಿ. 2016ರ ಮೂಲ ಸಂಹಿತೆಯಲ್ಲಿ ಅರ್ಜಿ ಹಾಕಿದ ದಿನದಿಂದಲೇ ಸಾಲದ ದಾವೆಗಳಿಗೆ ತಾತ್ಕಾಲಿಕ ತಡೆ ಎಂದಿತ್ತು, ಅದು ದೊಡ್ಡ ವ್ಯತ್ಯಾಸ. ಆದರೆ ಈ ಪ್ರಕ್ರಿಯೆ ನಡೆಸಿಕೊಡುವ ಪರಿಹಾರ ವೃತ್ತಿಪರರ ಫೀ, ಬೆಂಗಳೂರಿನ ವಕೀಲರ ಫೀ ಸೇರಿದರೆ ಆ 2,000 ಲೆಕ್ಕಕ್ಕೇ ಬರುವುದಿಲ್ಲ. ತಮ್ಮ ಹೆಸರಿನಲ್ಲೇ ಅಂಗಡಿ ಇಟ್ಟವರಿಗೆ ಈ ದಾರಿ ಇಲ್ಲ.

ಕಡಿಮೆ ಖರ್ಚಿನ ದಾರಿಗಳು

ವಕೀಲರ ಫೀ ಕೊಡಲು ಆಗದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಎಷ್ಟೇ ಆದಾಯ ಇದ್ದರೂ ಉಚಿತ ಕಾನೂನು ನೆರವು ಕೇಳಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ನೆರವು ಎಂದರೆ ವಕೀಲರು ಮಾತ್ರ ಅಲ್ಲ, ಕೋರ್ಟ್ ಫೀ, ಪ್ರೋಸೆಸ್ ಫೀ ಕೂಡ ಅದರಲ್ಲಿ ಸೇರುತ್ತದೆ. ಮನೆಯಿಂದಲೇ 15100ಕ್ಕೆ ಫೋನ್ ಮಾಡಿ ಕೇಳಬಹುದು.

ಅದೇ ಪ್ರಾಧಿಕಾರ ಲೋಕ ಅದಾಲತ್ ನಡೆಸುತ್ತದೆ. ಸಾಲ ಕೊಟ್ಟವರು ಒಬ್ಬಿಬ್ಬರೇ ಇದ್ದರೆ, ಕಂತಿನಲ್ಲಾದರೂ ಕಟ್ಟುವ ಶಕ್ತಿ ಇದ್ದರೆ, ಐ.ಪಿ.ಗಿಂತ ಮೊದಲು ಇದನ್ನು ನೋಡುವುದು ಒಳ್ಳೆಯದು. ಇದಕ್ಕೆ ಫೀ ಇಲ್ಲ. ಕೇಸು ಕೋರ್ಟಿನಲ್ಲಿದ್ದು ಇಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ. ರಾಜಿಯ ಆದೇಶಕ್ಕೆ ಡಿಕ್ರಿಯಷ್ಟೇ ಬಲ ಇದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹಾಗಾಗಿ ಆಗದ ಕಂತಿಗೆ ಅಲ್ಲಿ ಹ್ಞೂಂ ಅನ್ನಬಾರದು. ಬ್ಯಾಂಕಿನವರ ಜೊತೆ ಒಂದೇ ಸಲಕ್ಕೆ ತೀರಿಸುವ ಮಾತುಕತೆ ಇನ್ನೊಂದು ದಾರಿ. ಆದರೆ ಕಡಿಮೆಗೆ ತೀರಿಸಿದ್ದು ನಿಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್ ದಾಖಲೆಯಲ್ಲಿ ಸೆಟಲ್ಡ್ ಎಂದೇ ಕಾಣುತ್ತದೆ, ಪೂರ್ತಿ ಕಟ್ಟಿದಂತೆ ಕಾಣುವುದಿಲ್ಲ.

ಈ ನಡುವೆ ವಸೂಲಿಯವರ ಫೋನು ನಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ 2022ರ ಸೂಚನೆ ನೆನಪಿಡಿ: ಮೈಕ್ರೋಫೈನಾನ್ಸ್ ಬಿಟ್ಟು ಉಳಿದ ಸಾಲಗಳಿಗೆ ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮನಸ್ಸು ತೀರಾ ಕುಗ್ಗಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದರೆ ಕೋರ್ಟು, ವಕೀಲರು ಎಲ್ಲ ಆಮೇಲೆ. ಮೊದಲು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಾಧಿಕಾರಕ್ಕೆ ಮೊದಲ ಸಲ ಹೋಗುವಾಗ ಆಧಾರ್, ಪಹಣಿ, ಪಾಸ್‌ಬುಕ್ಕು, ಬಂದಿರುವ ನೋಟಿಸುಗಳು ಇರಲಿ. ಜೊತೆಗೆ ಒಂದು ನೋಟ್‌ಬುಕ್ ಇರಲಿ. ಒಂದು ಪುಟಕ್ಕೆ ಒಬ್ಬರಂತೆ ಸಾಲ ಕೊಟ್ಟವರ ಹೆಸರು, ವಿಳಾಸ, ಪಡೆದ ತಾರೀಖು, ಪಡೆದ ಅಸಲು, ಇದುವರೆಗೆ ಕಟ್ಟಿದ್ದು, ಕೊಟ್ಟಿರುವ ಚೆಕ್ಕು ಅಥವಾ ಆನ್ ಡಿಮ್ಯಾಂಡ್ ಪತ್ರ (ಕೇಳಿದಾಗ ಹಣ ಕೊಡುತ್ತೇನೆ ಎಂದು ಬರೆದುಕೊಟ್ಟದ್ದು), ಜಾಮೀನು ಹಾಕಿದವರು ಯಾರು ಎಂದು ಬರೆದುಕೊಳ್ಳಿ. ಮನೆಯವರನ್ನು ಕೂರಿಸಿಕೊಂಡೇ ಬರೆಯಿರಿ, ಒಬ್ಬರಿಗೆ ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಅಲ್ಲಿ ಕೂತ ವಕೀಲರು ಮೊದಲು ಕೇಳುವುದು ಆ ಪಟ್ಟಿಯನ್ನೇ.